ತೂಕ ಮತ್ತು ಕಾಲಿನ ಬಲ: ಉತ್ತರ ಬೆಂಗಳೂರಿನ ಹಿರಿಯ ಮಹಿಳೆಯರ ತಪಾಸಣೆ ಕುರಿತು ಒಂದು ಟಿಪ್ಪಣಿ

ಅರವತ್ತು ದಾಟಿದ ಹೆಂಗಸರು ಮಂಡಿನೋವೆಂದು ಹೋದರೆ ಮೊದಲು ತೂಕ ನೋಡುತ್ತಾರೆ, ಆಮೇಲೆ ‘ತೂಕ ಇಳಿಸಿ’ ಎನ್ನುತ್ತಾರೆ. ಯಲಹಂಕದಿಂದ ಆರ್.ಟಿ. ನಗರದವರೆಗೆ ಎಲ್ಲೆಡೆ ಕೇಳುವ ಮಾತಿದು. ಸಲಹೆ ತಪ್ಪಲ್ಲ, ಹೆಚ್ಚಿನ ತೂಕ ಮಂಡಿಗೆ ಹೊರೆಯೇ. ಆದರೆ ಈ ವಯಸ್ಸಿನಲ್ಲಿ ತೂಕವೊಂದನ್ನೇ ನಂಬಿದರೆ ಅರ್ಧ ಸಂಗತಿ ಮರೆಯಾಗುತ್ತದೆ.

ಬಿಎಂಐ ಲೆಕ್ಕವನ್ನೇ ನೋಡೋಣ. 150 ಸೆಂ.ಮೀ. ಎತ್ತರದ, 55 ಕೆ.ಜಿ. ತೂಕದ ಮಹಿಳೆಯ ಬಿಎಂಐ 24.4. 2009ರ ಭಾರತೀಯ ಮಾನದಂಡದಂತೆ ಇದು ಅಧಿಕ ತೂಕ. ಮೂಳೆ ಸವೆದು, ಬೆನ್ನು ಬಾಗಿ ಎತ್ತರ 145ಕ್ಕೆ ಇಳಿಯಿತೆನ್ನಿ. ತೂಕ ಅಷ್ಟೇ ಇದ್ದರೂ ಬಿಎಂಐ 26.2 ಆಗುತ್ತದೆ, 25ರ ಗಡಿ ದಾಟಿ ಆಕೆ ಬೊಜ್ಜಿನ ಪಟ್ಟಿಗೆ ಸೇರುತ್ತಾಳೆ. ಇನ್ನೊಂದೆಡೆ, ಋತುಬಂಧದ ನಂತರ ಸ್ನಾಯು ಕರಗಿ ಹೊಟ್ಟೆಯ ಸುತ್ತ ಕೊಬ್ಬು ಸೇರಿದರೂ ತೂಕ ಮೊದಲಿನಷ್ಟೇ ಇರಬಹುದು. ಆ ನಷ್ಟ ತೂಕದ ಯಂತ್ರಕ್ಕೆ ಕಾಣದು.

ಸ್ನಾಯುಬಲವನ್ನು ನೇರವಾಗಿ ಅಳೆಯಬಹುದು. ಮಹಿಳೆಯರಲ್ಲಿ ಸ್ನಾಯುನಷ್ಟ ಗುರುತಿಸಲು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಸೂಚಿಸಿದ ಮಿತಿಗಳು ಹೀಗಿವೆ: ಕೈಹಿಡಿತದ ಬಲ 18 ಕೆ.ಜಿ.ಗಿಂತ ಕಡಿಮೆ, ಮೀನಖಂಡದ ಸುತ್ತಳತೆ 33 ಸೆಂ.ಮೀ.ಗಿಂತ ಕಡಿಮೆ, ನಡಿಗೆ ಸೆಕೆಂಡಿಗೆ 1 ಮೀಟರಿಗಿಂತ ನಿಧಾನ, ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು. ಕೊನೆಯ ಪರೀಕ್ಷೆಗೆ ಗಟ್ಟಿ ಕುರ್ಚಿ, ಗಡಿಯಾರ ಇದ್ದರೆ ಸಾಕು. ಕೈಗಳನ್ನು ಎದೆಗೆ ಕಟ್ಟಿಕೊಂಡು ಏಳಬೇಕು. ತೊಡೆಗೆ ಕೈಯೂರಿದರೆ ಲೆಕ್ಕಕ್ಕಿಲ್ಲ.

ತೂಕ ಇಳಿಸುವ ಬಗೆಯೂ ಮುಖ್ಯ. ಬೊಜ್ಜಿದ್ದ 107 ಹಿರಿಯ ಸ್ತ್ರೀಪುರುಷರ ಮೇಲೆ ಅಮೆರಿಕದಲ್ಲಿ ಒಂದು ವರ್ಷ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬರೀ ಪಥ್ಯ ಮಾಡಿದವರ ದೈಹಿಕ ಕ್ಷಮತೆಯ ಅಂಕ ಶೇ. 12, ಬರೀ ವ್ಯಾಯಾಮ ಮಾಡಿದವರದು ಶೇ. 15, ಎರಡನ್ನೂ ಮಾಡಿದವರದು ಶೇ. 21 ಏರಿತು. ಕೊಬ್ಬಲ್ಲದ ದೇಹಭಾಗ ಪಥ್ಯದವರಲ್ಲಿ ಶೇ. 5, ಎರಡನ್ನೂ ಮಾಡಿದವರಲ್ಲಿ ಶೇ. 3 ಕುಗ್ಗಿತು. ಊಟ ಬಿಟ್ಟು ತೂಕ ಇಳಿಸುವವರು ಗಮನಿಸಬೇಕಾದ ವ್ಯತ್ಯಾಸವಿದು.

ನಮ್ಮ ದೇಶದಲ್ಲಿ ಸ್ನಾಯುಬಲದ ಅಳತೆ ಹೊಸದಲ್ಲ. 2017–18ರಲ್ಲಿ 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಭಾರತೀಯರನ್ನು ಒಳಗೊಂಡ ‘ಲಾಸಿ’ ಸಮೀಕ್ಷೆಯ ಮೊದಲ ಸುತ್ತು ತೂಕದ ಜೊತೆಗೆ ಕೈಹಿಡಿತ, ನಡಿಗೆಗಳನ್ನೂ ಅಳೆಯಿತು. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಶ್ರೀನಿವಾಸಪುರದ ಹಳ್ಳಿಗರನ್ನೂ ಬೆಂಗಳೂರಿನ ನಗರವಾಸಿಗಳನ್ನೂ ವರ್ಷಗಳ ಕಾಲ ಹಿಂಬಾಲಿಸುವ ವಯೋಸಂಬಂಧಿ ಅಧ್ಯಯನ ನಡೆಸುತ್ತಿದೆ. ಅದರ ಮುಖ್ಯ ಗುರಿ ಮರೆಗುಳಿತನದ ಅಧ್ಯಯನ. ಆದರೂ ಹಳ್ಳಿ–ನಗರಗಳ ಮುಪ್ಪನ್ನು ಹೋಲಿಸಲು ಇಂಥದೇ ದೀರ್ಘ ಅಧ್ಯಯನ ಬೇಕು.

2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ ಪ್ರಯಾಣ ಉಚಿತ. ಹೆಬ್ಬಾಳದಲ್ಲಿ ಬಸ್ಸಿನ ಮೆಟ್ಟಿಲು ಹತ್ತಲು ಮಾತ್ರ ತೊಡೆಯಲ್ಲಿ ಬಲ ಬೇಕು. ನಮ್ಮ ಕ್ಲಿನಿಕ್‌ಗಳಲ್ಲಿ ಬಿಪಿ, ಶುಗರ್ ನೋಡುವಾಗ ಹಿರಿಯ ಮಹಿಳೆಯರಿಗೆ ಕುರ್ಚಿ ಪರೀಕ್ಷೆಯನ್ನೂ ಮಾಡಿ, ಫಲಿತಾಂಶವನ್ನು ತೂಕದ ಪಕ್ಕದಲ್ಲೇ ಬರೆಯಬೇಕು. ಅದಕ್ಕೆ ತಗಲುವುದು ಒಂದು ನಿಮಿಷ.