ನಗಬ್ಯಾಡ, ಅಲುಗಾಡಬ್ಯಾಡ: ಹತ್ತನೇ ಕ್ಲಾಸಿನ ಫೋಟೊ ಯಾಕೆ ಹಾಗಿರುತ್ತೆ?

ಹಾನಗಲ್ ತಾಲೂಕಿನ ತಿಳವಳ್ಳಿಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಹತ್ತನೇ ಕ್ಲಾಸಿನ ಬೀಳ್ಕೊಡುಗೆ ದಿನ ತೆಗೆಸ್ತಾರಲ್ಲ, ಆ ಫೋಟೊದ ಇತಿಹಾಸ ಇದೆ.

ನಿಮ್ಮ ಮನೇಲೂ ಒಂದು ಇರುತ್ತೆ, ಹುಡುಕಿ ನೋಡಿ. ಮುಂದೆ ಕುರ್ಚಿ ಮೇಲೆ ಹೆಡ್ ಮಾಸ್ತರು, ಅಕ್ಕಪಕ್ಕ ಸರ್‌ಗಳು, ಟೀಚರ್‌ಗಳು. ಅವರ ಹಿಂದೆ ಹುಡುಗಿಯರು. ಕೊನೇ ಸಾಲಲ್ಲಿ ಬೆಂಚ್ ಹತ್ತಿ ನಿಂತ ಹುಡುಗರು. ಎಲ್ಲರ ಕೈ ಪಕ್ಕಕ್ಕೆ ಅಂಟಿಸಿದ ಹಾಗೆ. ಅರ್ಧ ಗಂಟೆ ಮುಂಚೆ ಒಬ್ಬರ ಮೇಲೊಬ್ಬರು ಬಿದ್ದು ನಗ್ತಿದ್ದ ಮಕ್ಕಳು ಫೋಟೊದಲ್ಲಿ ರಿಸಲ್ಟ್‌ಗೆ ಕಾಯ್ತಿರೋ ಹಾಗೆ ಕಾಣ್ತಾರೆ. "ನಮ್ ಹಳ್ಳಿ ಹುಡುಗ್ರಿಗೆ ನಾಚಿಕಿ ಜಾಸ್ತಿರೀ" ಅಂತ ಹಿರಿಯರು ಹೇಳ್ತಾರೆ. ನಾನು ಈ ಮಾತು ಒಪ್ಪಲ್ಲ. ಆ ಬಿಗಿ ಮಕ್ಕಳ ಸ್ವಭಾವ ಅಲ್ಲ. ಅದು ಮೊದಲು ಯಂತ್ರದಿಂದ ಬಂತು, ಆಮೇಲೆ ಸರ್ಕಾರಿ ಕಚೇರಿಯಿಂದ, ಆಮೇಲೆ ದುಡ್ಡಿನ ಲೆಕ್ಕದಿಂದ. ಒಂದೊಂದಾಗಿ ನೋಡೋಣ.

ಮೊದಲು ಯಂತ್ರ. 1839ರಲ್ಲಿ ಫ್ರಾನ್ಸಿನ ಡಾಗೇರ್ ತನ್ನ ಫೋಟೊ ವಿಧಾನವನ್ನು ಜಗತ್ತಿಗೆ ತೋರಿಸಿದ. ಆಗ ಒಂದು ಚಿತ್ರ ಮೂಡೋಕೆ ನಿಮಿಷಗಟ್ಟಲೆ ಬೇಕಿತ್ತು. ಮನುಷ್ಯ ಸ್ವಲ್ಪ ಅಲುಗಾಡಿದ್ರೂ ಮುಖ ಮಸುಕು. ಅದಕ್ಕೇ ಸ್ಟುಡಿಯೊಗಳಲ್ಲಿ ತಲೆಯ ಹಿಂದೆ ಕಬ್ಬಿಣದ ಸ್ಟ್ಯಾಂಡ್ ಇಡ್ತಿದ್ರು, ಕುತ್ತಿಗೆ ಅದಕ್ಕೆ ಆನಿಸಿಕೊಂಡು ಕೂರಬೇಕಿತ್ತು. ಅಷ್ಟು ಹೊತ್ತು ನಗು ಹಿಡಿದಿಟ್ಟು ನೋಡಿ, ಕೆನ್ನೆ ನೋಯುತ್ತೆ. ಹಳೇ ಫೋಟೊಗಳಲ್ಲಿ ಯಾರೂ ನಗದೇ ಇರೋದಕ್ಕೆ ಒಂದು ಕಾರಣ ಇದು.

ನಮ್ಮ ಕಡೆ ಕ್ಯಾಮೆರಾ ಬಂದಾಗ ಮೊದಲು ಹಿಡಿದಿದ್ದು ಮಕ್ಕಳ ಮುಖ ಅಲ್ಲ, ಕಲ್ಲು. 1855ರಲ್ಲಿ ಬಾಂಬೆ ಸೈನ್ಯದ ಕ್ಯಾಪ್ಟನ್ ಬಿಗ್ಸ್, ಅವನ ನಂತರ ಡಾಕ್ಟರ್ ಪಿಗೌ, ಬಿಜಾಪುರ, ಧಾರವಾಡ, ಮೈಸೂರು ಸೀಮೆಯ ಹಳೇ ಕಟ್ಟಡಗಳನ್ನ ಸರ್ಕಾರಕ್ಕಾಗಿ ತೆಗೆದರು. 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೆ ಲಂಡನ್ನಿನಲ್ಲಿ ಒಂದು ದೊಡ್ಡ ಪುಸ್ತಕ ಬಂತು, ಅದರ ಫೋಟೊಗಳಲ್ಲಿ ಇವರವೂ ಇದ್ದವು. ನೆನಪಿಡಿ, ಇವತ್ತಿನ ಹಾವೇರಿ ಜಿಲ್ಲೆ 1997ರವರೆಗೂ ಧಾರವಾಡ ಜಿಲ್ಲೆಯೊಳಗೇ ಇತ್ತು. ನಮ್ಮೂರ ಶಾಂತೇಶ್ವರ ಗುಡಿಯಂಥ ಕಟ್ಟಡ 13ನೇ ಶತಮಾನದಿಂದ ಕದಲದೆ ನಿಂತಿದೆ, ಆ ಕಾಲದ ಕ್ಯಾಮೆರಾಕ್ಕೆ ಬೇಕಾಗಿದ್ದೂ ಅದೇ. ಇಂಥ ಫೋಟೊಗಳಲ್ಲಿ ಒಮ್ಮೊಮ್ಮೆ ಕಂಬದ ಪಕ್ಕ ಒಬ್ಬ ಮನುಷ್ಯ ನಿಂತಿರ್ತಾನೆ. ಅವನ ಹೆಸರು ಇರಲ್ಲ. ಕಂಬ ಎಷ್ಟು ಎತ್ತರ ಅಂತ ತೋರಿಸೋದಷ್ಟೇ ಅವನ ಕೆಲಸ.

ಎರಡನೇದು ಕಚೇರಿ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ಭಾರತದ ಜನರ ಬಗ್ಗೆ ಎಂಟು ಸಂಪುಟ ಹೊರತಂದಿತು. ಜಾತಿ, ಬುಡಕಟ್ಟು ಅಂತ ವಿಂಗಡಿಸಿ, ಜನರನ್ನ ನಿಲ್ಲಿಸಿ ತೆಗೆದ ಫೋಟೊಗಳು. 1880ರ ದಶಕದಲ್ಲಿ ಪ್ಯಾರಿಸ್ಸಿನ ಪೊಲೀಸ್ ಇಲಾಖೆಯ ಬೆರ್ಟಿಯೋಂ ಆರೋಪಿಗಳ ಫೋಟೊಗೆ ನಿಯಮ ಮಾಡಿದ: ಒಂದು ನೇರ, ಒಂದು ಪಕ್ಕದಿಂದ. ಆಮೇಲೆ ಪಾಸ್‌ಪೋರ್ಟಿಗೂ ಫೋಟೊ ಬಂತು. ನಮ್ಮಲ್ಲಿ 1993ರಲ್ಲಿ ಶೇಷನ್ ಕಾಲದಲ್ಲಿ ಫೋಟೊ ಇರೋ ವೋಟರ್ ಕಾರ್ಡ್, 2010ರಿಂದ ಆಧಾರ್. ಈ ಎಲ್ಲದರಲ್ಲೂ ಫೋಟೊ ಕೇಳೋ ಪ್ರಶ್ನೆ ಒಂದೇ: ಇವನು ಅವನೇನಾ? ಹೇಗಿದ್ದೀಯಪ್ಪಾ ಅಂತ ಅದು ಕೇಳಲ್ಲ. ಹಳ್ಳಿಯ ಹುಡುಗ ಹುಡುಗಿಯರು ಒಂಟಿಯಾಗಿ ಕ್ಯಾಮೆರಾ ಮುಂದೆ ಕೂತಿದ್ದು ಬಹಳ ಸಲ ಹಾಲ್ ಟಿಕೆಟ್ಟಿಗೋ, ಬಸ್ ಪಾಸಿಗೋ, ಸ್ಕಾಲರ್‌ಶಿಪ್ಪಿಗೋ. ಕ್ಯಾಮೆರಾ ಅಂದ್ರೆ ತಪಾಸಣೆ ಅಂತ ಮೈ ಕಲಿತುಬಿಟ್ಟಿತು.

ಮೂರನೇದು ದುಡ್ಡು. ನಾನು ಬಿ.ಕಾಂ. ಓದಿದವನು, ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. 120 ನಂಬರಿನ ಫಿಲ್ಮ್ ರೋಲಿನಲ್ಲಿ ಚೌಕ ಫೋಟೊ ಬರೋದು 12. ಸಣ್ಣ 35 ಎಂ.ಎಂ. ರೋಲಿನಲ್ಲಿ 36. ರೋಲಿಗೆ ದುಡ್ಡು, ತೊಳೆಯೋಕೆ ದುಡ್ಡು, ಪ್ರಿಂಟಿಗೆ ದುಡ್ಡು. ಒಬ್ಬ ಹುಡುಗ ಕಣ್ಣು ಮುಚ್ಚಿದ್ರೆ ಸ್ಟುಡಿಯೊದವರಿಗೆ ಒಂದು ಫ್ರೇಮ್ ನಷ್ಟ. ಹಂಗಾಗಿ "ನಗಬ್ಯಾಡ, ಅಲುಗಾಡಬ್ಯಾಡ, ಗದ್ದಾ ಮ್ಯಾಲೆ ಮಾಡು" ಅನ್ನೋದು ಅವರ ಸಿಟ್ಟಲ್ಲ, ಅವರ ಖರ್ಚಿನ ಲೆಕ್ಕ. ಪಾಪ, ಅದೇ ಸ್ಟುಡಿಯೊದಲ್ಲಿ ಕನ್ನಡಿ, ಬಾಚಣಿಕೆ, ಪೌಡರ್ ಡಬ್ಬಿ, ಎರವಲು ಕೋಟು ಎಲ್ಲಾ ಇಟ್ಟಿರೋರು. ಬಂದವರು ಚೆನ್ನಾಗಿ ಕಾಣಲಿ ಅನ್ನೋ ಆಸೆ ಇತ್ತು. ಆದರೆ ಸಮಯ ಇರಲಿಲ್ಲ.

ಹಾಗಾದ್ರೆ ನಗು ಯಾವಾಗ ಬಂತು? ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸೋ ಪ್ರತಿ ವಿದ್ಯಾರ್ಥಿಯ ಫೋಟೊ ಹಾಕಿ ವರ್ಷಕ್ಕೊಂದು ಪುಸ್ತಕ ಮಾಡ್ತಾರೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯ ಸಂಶೋಧಕರು ಇಂಥ ಸುಮಾರು 38 ಸಾವಿರ ಫೋಟೊಗಳನ್ನ ಕಂಪ್ಯೂಟರಿಗೆ ಹಾಕಿ ನೋಡಿದರು, 1905ರಿಂದ 2013ರವರೆಗಿನವು. ಶುರುವಿನ ಫೋಟೊಗಳಲ್ಲಿ ತುಟಿ ಬಿಗಿ. ವರ್ಷ ಕಳೆದ ಹಾಗೆ ನಗು ಅಗಲ ಆಗ್ತಾ ಹೋಗಿದೆ. ಅಂದ್ರೆ ನೂರು ವರ್ಷದ ಹಿಂದೆ ಅಮೆರಿಕದ ಹುಡುಗರೂ ನಮ್ಮ ಹುಡುಗರ ಹಾಗೇ ಬಿಗಿಯಾಗಿ ನಿಂತಿದ್ರು. ನಡುವೆ ಆಗಿದ್ದು ಏನು? ಕ್ಯಾಮೆರಾ ಅಗ್ಗ ಆಯ್ತು, ಮನೆಗೆ ಬಂತು. 1900ರಲ್ಲಿ ಕೊಡಾಕ್ ಕಂಪನಿ ಒಂದು ಡಾಲರಿಗೆ ಬ್ರೌನಿ ಕ್ಯಾಮೆರಾ ಮಾರಿತು. ಅದರ ಜಾಹೀರಾತಿನಲ್ಲಿ ಮಕ್ಕಳು ಇದ್ರು. ನಾಚಿಕೆ ರಕ್ತದಲ್ಲಿ ಇರಲಿಲ್ಲ, ಅಭ್ಯಾಸದಲ್ಲಿ ಇತ್ತು.

ನಮ್ಮ ಕನ್ನಡದಲ್ಲೇ ಇದಕ್ಕೆ ಸಾಕ್ಷಿ ಇದೆ. ಮೈಸೂರಿನ ಟಿ.ಎಸ್. ಸತ್ಯನ್, 1923ರಲ್ಲಿ ಹುಟ್ಟಿದವರು, ಪತ್ರಿಕೆಗಳಿಗೆ ಫೋಟೊ ತೆಗೀತಿದ್ದವರು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಅವರು ತೆಗೆದ ಮಕ್ಕಳ ಫೋಟೊಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ನಡೀತು. ನೋಡಿ, ಆ ಮಕ್ಕಳಲ್ಲೂ ಹಳ್ಳಿಯವರು, ಬಡವರು ಇದ್ದಾರೆ. ಆಡ್ತಾ ಇದ್ದಾರೆ. ಬಿಗಿ ಇಲ್ಲ.

ಈಗ ಯಂತ್ರ ವೇಗ ಆಗಿದೆ, ಕ್ಲಿಕ್ಕಿಗೆ ಖರ್ಚಿಲ್ಲ. ಆದ್ರೂ ರೀಲ್ಸಿನಲ್ಲಿ ಕುಣಿಯೋ ಹುಡುಗಿ ಶಾಲೆ ಫೋಟೊದಲ್ಲಿ ಕಲ್ಲಾಗ್ತಾಳೆ. ಯಾಕೆ? ಈಗಿನ ಭಯ ಬೇರೆ. ಫೋಟೊ ಎಲ್ಲಿ ಹೋಗುತ್ತೆ, ಯಾರ ಸ್ಟೇಟಸ್‌ನಲ್ಲಿ ಕೂರುತ್ತೆ, ಮನೇಲಿ ಯಾರು ಏನಂತಾರೆ. ನಮ್ಮ ಚಿಗವ್ವನ ಹಾಲ್ ಟಿಕೆಟ್ ಫೋಟೊವನ್ನೇ ದೊಡ್ಡದು ಮಾಡಿಸಿ ಗಂಡಿನ ಕಡೆಯವರಿಗೆ ಕಳಿಸಿದ್ರಂತೆ. ಆಕೆಯನ್ನ ಯಾರೂ ಕೇಳಿರಲಿಲ್ಲ. "ಅದರಾಗ ನಾ ಇಲ್ಲೋ ತಮ್ಮಾ, ಬರೇ ನಂಬರ್ ಐತಿ" ಅಂತಾಳೆ. ಆ ವಯಸ್ಸಿನ ಆಕೆಯ ಬೇರೆ ಫೋಟೊ ನಮ್ಮ ಮನೇಲಿಲ್ಲ. ಹತ್ತನೇ ಕ್ಲಾಸಿಗೇ ಓದು ನಿಲ್ಲಿಸೋ ಹುಡುಗಿಯರು ಇನ್ನೂ ಇದ್ದಾರೆ. ಅವರಿಗೆ ಗೆಳತಿಯರ ಜೊತೆ ಇರೋ ಕೊನೇ ಫೋಟೊ ಇದೇ ಆಗಬಹುದು. ಹಂಗಾಗಿ ಇದು ಸಣ್ಣ ವಿಷಯ ಅಲ್ಲ.

ಈ ವರ್ಷ ಬೀಳ್ಕೊಡುಗೆಯಲ್ಲಿ ಕ್ಯಾಮೆರಾ ಅಥವಾ ಫೋನ್ ಹಿಡಿಯೋರು ನೀವೇ ಆಗಿದ್ರೆ, ಇಷ್ಟು ಮಾಡಿ. ಫೋಟೊ ಯಾವ ಗ್ರೂಪಿಗೆ ಹೋಗುತ್ತೆ ಅಂತ ಮೊದಲೇ ಹೇಳಿ, ಬ್ಯಾಡ ಅಂದವರನ್ನ ಒತ್ತಾಯ ಮಾಡಬೇಡಿ. ಶಾಲೆಯ ಬಿಗಿ ಫೋಟೊ ಒಂದು ತೆಗೀರಿ, ಅದೂ ದಾಖಲೆಗೆ ಬೇಕು. ಆಮೇಲೆ ಮಾಸ್ತರನ್ನ ಟೀಗೆ ಕಳಿಸಿ, ಮಕ್ಕಳು ತಮಗೆ ಬೇಕಾದವರ ಜೊತೆ ನಿಲ್ಲಲಿ. ಕೈ ಎಲ್ಲಿಡಬೇಕು ಅಂತ ಗೊತ್ತಾಗದವರಿಗೆ ಪುಸ್ತಕ, ಬ್ಯಾಗು, ಸೈಕಲ್ ಹ್ಯಾಂಡಲ್ ಏನಾದ್ರೂ ಕೊಡಿ. "ನಗು" ಅಂತ ಹೇಳಬೇಡಿ, ಏನಾದ್ರೂ ಕೇಳಿ: ನಾಳೆಯಿಂದ ಯಾವ ಸರ್ ಬೈಯೋದು ನೆನಪಾಗುತ್ತೆ? ಗದ್ದ, ಭುಜ ಸರಿ ಮಾಡಬೇಕಾದ್ರೆ ಮುಟ್ಟಬೇಡಿ, ನೀವೇ ಮಾಡಿ ತೋರಿಸಿ. ಹಲ್ಲು, ಮೊಡವೆ, ಬಣ್ಣದ ಮೇಲೆ ಜೋಕ್ ಬೇಡ. ಬಿಳಿ ಮಾಡೋ ಫಿಲ್ಟರ್ ಹಾಕಬೇಡಿ. ನಾಲ್ಕು ಫೋಟೊ ತೆಗೆದು ಸ್ಕ್ರೀನ್ ಅವರ ಕಡೆ ತಿರುಗಿಸಿ, ಯಾವುದು ಇಟ್ಟುಕೊಳ್ಳೋಣ ಅಂತ ಅವರನ್ನೇ ಕೇಳಿ. ಬೇಡ ಅಂದದ್ದನ್ನ ಅವರೆದುರೇ ಅಳಿಸಿ. ನಗದೇ ನಿಲ್ತೀನಿ ಅನ್ನೋರು ಹಾಗೇ ನಿಲ್ಲಲಿ, ಅದೂ ಅವರ ಮುಖಾನೇ.

ನೂರೆಂಬತ್ತು ವರ್ಷ ಕ್ಯಾಮೆರಾ ಮುಂದೆ ಇದ್ದವರೇ ಹೊಂದಿಕೊಂಡರು. ಇನ್ನು ಕ್ಯಾಮೆರಾ ಹಿಂದೆ ಇರೋರ ಸರದಿ.

ಈ ಸಂಚಿಕೆಯನ್ನ ನಿಮ್ಮೂರಿನ ಫೋಟೊ ಸ್ಟುಡಿಯೊ ಅಣ್ಣನಿಗೂ ಕಳಿಸಿ. ಮುಂದಿನ ವಾರ ಸಿಗೋಣ.