ವಾಟನ ಪೇಟೆಂಟು ಮತ್ತು ಕಾರ್ನ್‌ವಾಲಿನ ವ್ಯಾಜ್ಯಗಳು

ಪೇಟೆಂಟಿನ ಹೆಸರಿನಲ್ಲಿ ಪ್ರತಿಸ್ಪರ್ಧಿಯ ಮೇಲೆ ದಾವೆ ಹೂಡುವುದು ಯಂತ್ರೋದ್ಯಮಿಗಳಿಗೆ ಹೊಸ ಅಭ್ಯಾಸವಲ್ಲ. ಆಪಲ್ ಕಂಪನಿಯು ಸ್ಯಾಮ್‌ಸಂಗ್ ಕಂಪನಿಯ ಮೇಲೆ 2011ರಲ್ಲಿ ಹೂಡಿ, 2018ರಲ್ಲಿ ರಾಜಿಯಿಂದ ಮುಗಿದ ವ್ಯಾಜ್ಯದಲ್ಲಿ ಕೇಳಿಬಂದ ವಾದಗಳೆರಡು: ಹೊಸತನ್ನು ಕಂಡುಹಿಡಿದವನ ಶ್ರಮಕ್ಕೆ ರಕ್ಷಣೆ ಬೇಡವೇ ಎಂಬುದೊಂದು, ಆ ರಕ್ಷಣೆಯಿಂದ ಇತರರ ದಾರಿಯನ್ನು ಕಟ್ಟಬಹುದೇ ಎಂಬುದಿನ್ನೊಂದು. ಇವೆರಡೂ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿಯೇ ನ್ಯಾಯಸ್ಥಾನದ ಮುಂದೆ ಬಂದಿದ್ದವು. ಬೋಲ್ಟನ್ ಮತ್ತು ವಾಟ್ ಕಂಪನಿಯ ವ್ಯಾಜ್ಯಗಳನ್ನು ಪರಿಶೀಲಿಸುವವರಿಗೆ ಒಂದು ಅನುಕೂಲವುಂಟು. ಪೇಟೆಂಟಿನ ಅವಧಿ ತೀರಿದ ಮೇಲೆ ಏನಾಯಿತೆಂಬುದನ್ನೂ ಅವರು ಕಾಣಬಲ್ಲರು.

ನ್ಯೂಕಮೆನ್ನನ ಹಬೆಯಂತ್ರದಲ್ಲಿ ಹಬೆಯನ್ನು ಸಿಲಿಂಡರಿನೊಳಗೇ ತಣ್ಣೀರಿನಿಂದ ತಣಿಸುತ್ತಿದ್ದರು. ಪ್ರತಿಯೊಂದು ಆಟಕ್ಕೂ ಸಿಲಿಂಡರು ಕಾದು ಆರಬೇಕಾದುದರಿಂದ ಕಲ್ಲಿದ್ದಲು ವಿಪರೀತ ಖರ್ಚಾಗುತ್ತಿದ್ದಿತು. ಹಬೆಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸಬೇಕೆಂಬ ಆಲೋಚನೆ ಜೇಮ್ಸ್ ವಾಟನಿಗೆ 1765ರಲ್ಲಿ ಹೊಳೆಯಿತು. 1769ರಲ್ಲಿ ಪೇಟೆಂಟು ದೊರೆಯಿತು. ಆದರೆ ಹಣ ಹಾಕಿದ್ದ ರೋಬಕ್ 1773ರಲ್ಲಿ ದಿವಾಳಿಯಾದನು. ಅವನ ಪಾಲನ್ನು ಪಡೆದ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್, ಉಳಿದ ಕೆಲವೇ ವರ್ಷಗಳನ್ನು ನಂಬಿ ಬಂಡವಾಳ ತೊಡಗಿಸಲು ಸಿದ್ಧನಿರಲಿಲ್ಲ. 1775ರಲ್ಲಿ ಪಾರ್ಲಿಮೆಂಟು ವಿಶೇಷ ಶಾಸನದ ಮೂಲಕ ಅವಧಿಯನ್ನು 1800ರವರೆಗೆ ವಿಸ್ತರಿಸಿತು.

ಕಾರ್ನ್‌ವಾಲಿನಲ್ಲಿ ತವರ ಮತ್ತು ತಾಮ್ರದ ಆಳವಾದ ಗಣಿಗಳಿದ್ದವು, ಕಲ್ಲಿದ್ದಲು ಮಾತ್ರ ಇರಲಿಲ್ಲ. ಅದು ವೇಲ್ಸಿನಿಂದ ಹಡಗಿನಲ್ಲಿ ಬರಬೇಕಾಗಿದ್ದಿತು. (ಮುಂದೆ ಕೋಲಾರದ ಚಿನ್ನದ ಗಣಿಗಳಿಗೆ ಅನೇಕ ನುರಿತ ಗಣಿಗಾರರು ಬಂದುದು ಈ ನಾಡಿನಿಂದಲೇ.) ಹೊಸ ಯಂತ್ರದಿಂದ ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲು ತಮಗೆ ಸಲ್ಲಬೇಕೆಂದು ಕಂಪನಿಯವರು ಕರಾರು ಮಾಡಿಕೊಂಡರು. ಯಂತ್ರದ ಆಟಗಳನ್ನು ಎಣಿಸುವ ಸಾಧನವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿರಿಸುತ್ತಿದ್ದರು. ಮೂರರಲ್ಲಿ ಎರಡು ಪಾಲು ಗಣಿಯವನಿಗೇ ಉಳಿಯುತ್ತಿದ್ದುದರಿಂದ ಕರಾರು ಅನ್ಯಾಯದ್ದೆನ್ನಲಾಗದು. ಆದರೂ ಆಂಗ್ಲ್‌ಸಿಯ ತಾಮ್ರ ಮಾರುಕಟ್ಟೆಗೆ ನುಗ್ಗಿ ಬೆಲೆ ಕುಸಿದಾಗ ಈ ಪಾಲು ಗಣಿಯವರಿಗೆ ತೆರಿಗೆಯಂತೆ ಭಾರವಾಯಿತು. ಹಲವರು ಕೊಡುವುದನ್ನೇ ನಿಲ್ಲಿಸಿದರು.

1793ರಲ್ಲಿ ಎಡ್ವರ್ಡ್ ಬುಲ್ ಎಂಬವನ ಮೇಲೆ ದಾವೆ ಬಿದ್ದಿತು. ಅವನು ಸಿಲಿಂಡರನ್ನು ತಲೆಕೆಳಗಾಗಿ ಗಣಿಯ ಬಾವಿಯ ಮೇಲೆ ನಿಲ್ಲಿಸಿದ್ದನು. ತಣಿಸುವ ಪ್ರತ್ಯೇಕ ಪಾತ್ರೆ ಮಾತ್ರ ವಾಟನದೇ. ಉಲ್ಲಂಘನೆಯಾಗಿದೆಯೆಂದು ಜ್ಯೂರಿಯವರು ಹೇಳಿದರು. ಪೇಟೆಂಟೇ ಸಿಂಧುವೇ ಎಂಬ ಪ್ರಶ್ನೆಯಲ್ಲಿ 1795ರಲ್ಲಿ ನಾಲ್ವರು ನ್ಯಾಯಾಧೀಶರು ಸಮನಾಗಿ ಒಡೆದರು: ಐರ್ ಮತ್ತು ರೂಕ್ ಪರವಾಗಿ, ಹೀತ್ ಮತ್ತು ಬುಲರ್ ವಿರುದ್ಧವಾಗಿ. ವಾಟನು ಸಲ್ಲಿಸಿದ್ದ ವಿವರಣೆಯಲ್ಲಿ ಒಂದು ಚಿತ್ರವೂ ಇರಲಿಲ್ಲ. ಯಂತ್ರಕ್ಕಿಂತ ತತ್ತ್ವವನ್ನೇ ಅದು ಹೇಳುತ್ತಿದ್ದಿತು. ತತ್ತ್ವಕ್ಕೆ ಒಡೆಯನುಂಟೇ ಎಂಬುದೇ ವಾದದ ತಿರುಳು. ಕೊನೆಗೆ ಜೇಬೆಜ್ ಹಾರ್ನ್‌ಬ್ಲೋವರ್ ಮತ್ತು ಮೇಬರ್ಲಿಯವರ ಮೇಲಿನ ವ್ಯಾಜ್ಯದಲ್ಲಿ, 1799ರಲ್ಲಿ, ಪೇಟೆಂಟು ಸಿಂಧುವೆಂದು ತೀರ್ಪಾಯಿತು. ಅದರ ಆಯುಷ್ಯ ಉಳಿದಿದ್ದುದು ಒಂದೇ ವರ್ಷ. ಹಳೆಯ ಬಾಕಿಯ ವಸೂಲಿಗೆ ಅಷ್ಟು ಸಾಕಾಯಿತು.

ಬುಲ್ಲನ ಮೇಲಿನ ದಾವೆ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಪರರ ಕೃತಿಯನ್ನು ತಲೆಕೆಳಗು ಮಾಡಿದ ಮಾತ್ರಕ್ಕೆ ಅದು ತನ್ನದಾಗುವುದಿಲ್ಲ. ಜೇಬೆಜನ ಸೋದರ ಜೊನಾಥನ್ ಹಾರ್ನ್‌ಬ್ಲೋವರನ ಸಂಗತಿ ಬೇರೆ. ಒಂದು ಸಿಲಿಂಡರಿನಲ್ಲಿ ದುಡಿದ ಹಬೆಯನ್ನು ಅದಕ್ಕಿಂತ ದೊಡ್ಡದಾದ ಎರಡನೆಯದಕ್ಕೆ ಹಾಯಿಸಿ ಮತ್ತೊಮ್ಮೆ ದುಡಿಸುವ ಯಂತ್ರಕ್ಕೆ ಅವನು 1781ರಲ್ಲಿ ಪೇಟೆಂಟು ಪಡೆದಿದ್ದನು. ಇದು ನಕಲಲ್ಲ, ನಿಜವಾದ ಮುನ್ನಡೆ. ಆದರೆ ಹಬೆಯನ್ನು ಕಡೆಗೆ ತಣಿಸಲು ವಾಟನ ಉಪಾಯ ಬೇಕಾಗಿದ್ದಿತು. ಕಂಪನಿಯ ವಿರೋಧದ ಎದುರಿನಲ್ಲಿ ಅವನ ಯಂತ್ರ ಬೆಳೆಯಲಿಲ್ಲ. 1792ರಲ್ಲಿ ಅವಧಿಯ ವಿಸ್ತರಣೆಗಾಗಿ ಪಾರ್ಲಿಮೆಂಟಿಗೆ ಮಾಡಿಕೊಂಡ ಮನವಿಯೂ ಫಲಿಸಲಿಲ್ಲ. ಅದೇ ಕಲ್ಪನೆಯನ್ನು ಆರ್ಥರ್ ವುಲ್ಫ್ ಮತ್ತೆ ಎತ್ತಿಕೊಂಡುದು 1804ರಲ್ಲಿ. ಇಂಥ ಅಡ್ಡಿಯ ಕಷ್ಟ ವಾಟನಿಗೆ ತಿಳಿಯದುದೇನಲ್ಲ: 1780ರಲ್ಲಿ ಪಿಕರ್ಡ್ ಎಂಬವನು ಚಕ್ರ ತಿರುಗಿಸುವ ಕ್ರ್ಯಾಂಕಿಗೆ ಪೇಟೆಂಟು ಪಡೆದುದರಿಂದ ಅವನೇ ಹಲ್ಲುಚಕ್ರಗಳ ಸುತ್ತುದಾರಿಯನ್ನು ಹಿಡಿಯಬೇಕಾಯಿತು.

ಪೇಟೆಂಟಿನ ಆಶೆಯಿಲ್ಲದಿದ್ದರೆ ಬೋಲ್ಟನ್ ಹಣ ಹಾಕುತ್ತಿರಲಿಲ್ಲವೆಂದು ಕೆಲವು ಇತಿಹಾಸಕಾರರು ಹೇಳುವುದು ಸರಿಯೆ. ಹೆಚ್ಚು ಒತ್ತಡದ ಹಬೆಯನ್ನು ವಾಟನು ಅಪಾಯಕರವೆಂದು ಪ್ರಾಮಾಣಿಕವಾಗಿಯೇ ನಂಬಿದ್ದನೆಂಬುದೂ ಸರಿ. ಆದರೆ ಆ ನಂಬಿಕೆಯನ್ನು ಪರೀಕ್ಷಿಸಲು ಇತರರಿಗೆ ಕಾನೂನು ಎಡೆಗೊಡದಿದ್ದುದೇ ಆಕ್ಷೇಪಾರ್ಹ.

1800ರ ತರುವಾಯ ಕಂಪನಿಯ ಪ್ರತಿನಿಧಿಗಳು ಕಾರ್ನ್‌ವಾಲನ್ನು ಬಿಟ್ಟರು. ಕೆಲವು ವರ್ಷ ನೋಡಿಕೊಳ್ಳುವವರಿಲ್ಲದೆ ಯಂತ್ರಗಳ ಕೆಲಸ ಇಳಿಮುಖವೇ ಆಯಿತು; ಇದನ್ನು ಮರೆಮಾಡಬಾರದು. 1811ರಲ್ಲಿ ಜೋಯಲ್ ಲೀನನು ಯಂತ್ರಗಳ ಇದ್ದಲಿನ ಖರ್ಚನ್ನೂ ಎತ್ತಿದ ನೀರಿನ ಲೆಕ್ಕವನ್ನೂ ತಿಂಗಳು ತಿಂಗಳೂ ಪ್ರಕಟಿಸತೊಡಗಿದನು. ಮರುವರ್ಷ ಟ್ರೆವಿಥಿಕ್ ಹೆಚ್ಚು ಒತ್ತಡದ ಹಬೆಯ ಯಂತ್ರವನ್ನು ವೀಲ್ ಪ್ರಾಸ್ಪರ್ ಗಣಿಯಲ್ಲಿ ನಿಲ್ಲಿಸಿ, ಅದಕ್ಕೆ ಪೇಟೆಂಟನ್ನೇ ಕೇಳಲಿಲ್ಲ. ನೆರೆಯ ಗಣಿಗಳವರು ನೋಡಿ ಕಲಿತರು, ತಿದ್ದಿದರು. 1840ರ ದಶಕದ ವೇಳೆಗೆ ಅಷ್ಟೇ ಕಲ್ಲಿದ್ದಲಿನಿಂದ ಕಾರ್ನ್‌ವಾಲಿನ ಯಂತ್ರಗಳು ಸರಾಸರಿಯಲ್ಲಿ ಮೂರರಷ್ಟಕ್ಕೂ ಮಿಗಿಲಾಗಿ ನೀರೆತ್ತುತ್ತಿದ್ದವು.