ಧರ್ಮದರ್ಶಿಗಳ ನೇಮಕಾತಿ (ಇಂಗ್ಲೆಂಡ್ ಮತ್ತು ವೇಲ್ಸ್)

ದತ್ತಿ ಸಂಸ್ಥೆಯ ಆಡಳಿತಕ್ಕೆ ಅಂತಿಮವಾಗಿ ಹೊಣೆಯಾಗುವವರನ್ನು ಆರಿಸುವ ಪ್ರಕ್ರಿಯೆ. 2011ರ ಚಾರಿಟೀಸ್ ಕಾಯ್ದೆ ಇದಕ್ಕೆ ಆಧಾರ. ದತ್ತಿ ಸಂಸ್ಥೆಗಳ ಮೇಲ್ವಿಚಾರಣೆಯನ್ನು ಚಾರಿಟಿ ಕಮಿಷನ್ ನಡೆಸುತ್ತದೆ. ಧರ್ಮದರ್ಶಿಗಳಿಗೆ ಸಾಮಾನ್ಯವಾಗಿ ಸಂಬಳವಿಲ್ಲ. ಪ್ರಯಾಣದಂಥ ಖರ್ಚನ್ನು ಪಡೆಯಬಹುದು. ದತ್ತಿ ಸಂಸ್ಥೆ ಟ್ರಸ್ಟ್ ಆಗಿದ್ದರೆ ಕನಿಷ್ಠ ವಯಸ್ಸು 18, ಕಂಪನಿ ರೂಪದ್ದಾದರೆ 16. ದಿವಾಳಿಯಾಗಿ ಋಣಮುಕ್ತರಾಗದವರು ಅನರ್ಹರು.

ಶಿಕ್ಷಣ ಮತ್ತು ವೃದ್ಧರ ಆರೈಕೆ ಒಂದೇ ದತ್ತಿಯಲ್ಲಿ ಕೂಡಿದ್ದಕ್ಕೆ ಲಂಡನ್ನಿನ ಚಾರ್ಟರ್‌ಹೌಸ್ ಹಳೆಯ ನಿದರ್ಶನ. 1611ರಲ್ಲಿ ಥಾಮಸ್ ಸಟನ್ ಸ್ಥಾಪಿಸಿದ ಇದು 40 ಬಡ ಬಾಲಕರಿಗೆ ಶಾಲೆಯನ್ನೂ 80 ವೃದ್ಧರಿಗೆ ಆಶ್ರಯವನ್ನೂ ಉದ್ದೇಶಿಸಿತ್ತು. 1872ರಲ್ಲಿ ಶಾಲೆ ಗೊಡಾಲ್ಮಿಂಗ್‌ಗೆ ಸ್ಥಳಾಂತರಗೊಂಡಿತು. ವೃದ್ಧಾಶ್ರಯ ಲಂಡನ್ನಿನಲ್ಲೇ ಉಳಿಯಿತು.

ಇಂಥ ಎರಡೂ ಸೇವೆಗಳನ್ನು ನೀಡುವ ದತ್ತಿಯಲ್ಲಿ ನೇಮಕಾತಿಯ ಮೊದಲ ಹೆಜ್ಜೆ ಧರ್ಮದರ್ಶಿ ಮಂಡಳಿಯಲ್ಲಿ ಈಗಿರುವ ಸದಸ್ಯರ ಪರಿಣತಿಯನ್ನು ಪಟ್ಟಿಮಾಡುವುದು. ಲೆಕ್ಕಪತ್ರ ಬಲ್ಲವರು, ವಕೀಲರು ಇದ್ದರೂ ತರಗತಿಯಲ್ಲಿ ಪಾಠ ಮಾಡಿದವರು ಅಥವಾ ಹಾಸಿಗೆ ಹಿಡಿದವರ ಶುಶ್ರೂಷೆ ಮಾಡಿದವರು ಇಲ್ಲದಿರಬಹುದು. ಆ ಕೊರತೆಗೆ ತಕ್ಕಂತೆ ಜಾಹೀರಾತು ನೀಡಿ, ಸಂದರ್ಶನ ನಡೆಸಿ, ಅರ್ಹತೆ ಪರಿಶೀಲಿಸಿ, ತಾವು ಅರ್ಹರೆಂಬ ಘೋಷಣೆಗೆ ಸಹಿ ಪಡೆಯಲಾಗುತ್ತದೆ. ಹೊಸಬರಿಗೆ ನಿಯಮಾವಳಿ, ಇತ್ತೀಚಿನ ಲೆಕ್ಕಪತ್ರ, ಸಭೆಯ ನಡಾವಳಿಗಳನ್ನು ಕೊಡುವುದು ರೂಢಿ.

ಪರಿಚಿತರನ್ನೇ ತುಂಬಿಕೊಂಡ ಮಂಡಳಿಯಲ್ಲಿ ತಪ್ಪನ್ನು ಎತ್ತಿ ತೋರಿಸುವವರು ಕಡಿಮೆ. ಮಕ್ಕಳು, ವೃದ್ಧರು ತಮ್ಮ ಅಹವಾಲನ್ನು ತಾವೇ ಮಂಡಳಿಗೆ ಮುಟ್ಟಿಸುವುದು ಕಷ್ಟ. ಆದ್ದರಿಂದಲೇ ಇಂಥ ಸಂಸ್ಥೆಗಳಿಗೆ ಬಹಿರಂಗ ಆಯ್ಕೆ ಅತ್ಯಗತ್ಯ.